ಕಡಿಮೆ ತೂಕದವರಿಗೆ ಎರಡೂವರೆ ಗಂಟೆ

ಚಪ್ಪಲಿ ಬಿಗಿಯಾಗತೊಡಗಿದಾಗ ನಾನು ಚಪ್ಪಲಿಯನ್ನೇ ಬೈದೆ. ಹೊಸದು, ಮಳೆಯಲ್ಲಿ ನೆನೆದು ಕುಗ್ಗಿರಬೇಕು ಅಂದುಕೊಂಡು ಹಳೆಯ ಜೊತೆ ಹಾಕಿಕೊಂಡೆ. ಕೆಲವು ದಿನಗಳಲ್ಲಿ ಅದೂ ಬಿಗಿಯಾಯಿತು. ಬಸವನಗುಡಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವುದು ನನ್ನ ಕೆಲಸ. ದಿನವಿಡೀ ನಿಂತಿರುವವಳಿಗೆ ಕಾಲು ಊದುವುದು ಸಹಜ ಎಂದು ಇನ್ನೆರಡು ತಿಂಗಳು ಕಳೆದೆ. ಆಮೇಲೆ ಅನ್ನದ ವಾಸನೆಗೇ ವಾಂತಿ ಬರತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕೊಟ್ಟು ಬಂದ ಮರುದಿನ ಡಾಕ್ಟರು ವರದಿಯನ್ನು ನಮ್ಮ ಕಡೆಗೆ ತಿರುಗಿಸಿ, ಒಂದು ಸಂಖ್ಯೆಯ ಕೆಳಗೆ ಪೆನ್ನಿನಿಂದ ಗೆರೆ ಎಳೆದು, "ಎರಡೂ ಕಿಡ್ನಿ ಹೋಗಿದೆ" ಎಂದರು. ನನ್ನ ಗಂಡ ಶ್ರೀಧರ ವರದಿಯನ್ನು ಕೈಗೆ ತೆಗೆದುಕೊಂಡು ಮೇಲಿದ್ದ ಹೆಸರನ್ನು ಓದಿದರು. ವಯಸ್ಸು ಓದಿದರು. ಮತ್ತೆ ಹೆಸರು ಓದಿದರು. "ವಸಂತಾ ಅಂತ ಹೆಸರಿರೋರು ಇನ್ನೂ ಯಾರಾದ್ರೂ ಅವತ್ತು ಬಂದಿದ್ರಾ ಡಾಕ್ಟ್ರೇ?" ಎಂದು ಕೇಳಿದರು. ಡಾಕ್ಟರು ಆ ಪ್ರಶ್ನೆಗೆ ನಗಲಿಲ್ಲ. ಆ ದಿನ ನನಗೆ ಸಿಕ್ಕ ಮೊದಲ ದಯೆ ಅದು.

ಇದನ್ನು ಬರೆಯುತ್ತಿರುವುದು ಹೊಸದಾಗಿ ಡಯಾಲಿಸಿಸ್ ಶುರುವಾದವರಿಗಾಗಿ ಮತ್ತು ಅವರ ಮನೆಯವರಿಗಾಗಿ. ಧೈರ್ಯ ಹೇಳುವ ಯೋಗ್ಯತೆ ನನಗಿಲ್ಲ. ನಾನು ಮಾಡಿದ ಒಂದು ಕೆಲಸವನ್ನು ಆದ ಹಾಗೆಯೇ ಹೇಳುವುದಷ್ಟೇ ನನ್ನಿಂದ ಆಗುವುದು. ನಿಧಾನವಾಗಿ ಹೇಳುತ್ತೇನೆ.

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ನನ್ನ ಸರದಿ. ತ್ಯಾಗರಾಜನಗರದ ನಮ್ಮ ಮನೆಯಿಂದ ಶ್ರೀಧರ ಸ್ಕೂಟರಿನಲ್ಲಿ ನನ್ನನ್ನು ಚಾಮರಾಜಪೇಟೆಯ ಕೇಂದ್ರಕ್ಕೆ ಬಿಟ್ಟು, ಅಕ್ಕಿಪೇಟೆಯಲ್ಲಿ ತಾವು ಕೆಲಸ ಮಾಡುವ ಸಗಟು ಅಂಗಡಿಗೆ ಹೋಗುತ್ತಿದ್ದರು. ಅಡ್ಡರಸ್ತೆಯೊಂದರಲ್ಲಿ ಹಳೆಯ ಮನೆಯನ್ನು ಬದಲಾಯಿಸಿ ಮಾಡಿದ ಕೇಂದ್ರ ಅದು. ಒಳಗೆ ಒಂಬತ್ತು ಯಂತ್ರ, ಒಂಬತ್ತು ಹಾಸಿಗೆ. ಹೊರಗೆ ಜಗಲಿಯಲ್ಲಿ ಎರಡು ಉದ್ದದ ಬೆಂಚು. ಮೊದಲ ದಿನ ಆ ಬೆಂಚಿನಲ್ಲಿ ಕೂತವರನ್ನು ನೋಡಿ ನಾನು ಹೆದರಿದ್ದು ಅವರ ಬಣ್ಣಕ್ಕೆ. ಎಲ್ಲರೂ ಒಂದೇ ಬೂದು ಬಣ್ಣಕ್ಕೆ ತಿರುಗಿದ್ದರು. ಆರು ತಿಂಗಳಲ್ಲಿ ನಾನೂ ಆ ಬಣ್ಣಕ್ಕೆ ಬಂದೆ.

ನಮ್ಮಂಥವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ. ಒಳಗೇ ನಿಲ್ಲುತ್ತದೆ. ಹಾಗಾಗಿ ಪ್ರತಿ ಸಲ ಹಾಸಿಗೆಗೆ ಹೋಗುವ ಮೊದಲು ತೂಕ ನೋಡುತ್ತಾರೆ. ನೀರೆಲ್ಲ ಹೋದಾಗ ಇರಬೇಕೆಂದು ಡಾಕ್ಟರು ಗೊತ್ತುಮಾಡಿದ ತೂಕಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟು ನೀರನ್ನು ಯಂತ್ರ ನಾಲ್ಕು ಗಂಟೆಯಲ್ಲಿ ಎಳೆದು ತೆಗೆಯಬೇಕು. ಬಾಗಿಲ ಪಕ್ಕ ತೂಕದ ಯಂತ್ರ. ಅದಕ್ಕೆ ತಾಗಿಕೊಂಡಂತೆ ರಿಜಿಸ್ಟರ್ ಇಡುವ ಕಬ್ಬಿಣದ ಮೇಜು. ಮೇಜಿನ ಆಚೆ ಟೆಕ್ನಿಷಿಯನ್ ಶಿವಣ್ಣ.

ಶಿವಣ್ಣನ ಗಂಟಲು ದೊಡ್ಡದು. ಮೂರು ಕೆಜಿ ದಾಟಿದರೆ ಇಡೀ ಹಾಲಿಗೆ ಕೇಳುವಂತೆ, "ಏನಮ್ಮಾ, ಕೆಂಪಾಂಬುಧಿ ಕೆರೆ ಪೂರ್ತಿ ಕುಡ್ಕೊಂಡ್ ಬಂದ್ಬಿಟ್ರಾ?" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಬೈಸಿಕೊಂಡವರೂ ಸೇರಿ. ತೂಕವನ್ನು ನಮ್ಮ ಚಿಕ್ಕ ಪುಸ್ತಕದಲ್ಲೂ ಬರೆದು ಕೊಡುತ್ತಿದ್ದ. ಆ ಪುಸ್ತಕವನ್ನು ಶ್ರೀಧರ ಸಂಜೆ ಬಂದು ಬಟ್ಟೆ ಬದಲಿಸುವ ಮೊದಲೇ ತೆಗೆದು ನೋಡುತ್ತಿದ್ದರು. ಹೆಚ್ಚಿದ್ದರೆ ಒಂದು ಮಾತೂ ಆಡುತ್ತಿರಲಿಲ್ಲ. ಅವತ್ತು ತಾವೂ ಕಾಫಿ ಕುಡಿಯುತ್ತಿರಲಿಲ್ಲ, ಅಷ್ಟೆ. ಬೆಳಿಗ್ಗೆ ನನ್ನ ಪಾಲಿನ ನೀರನ್ನು ಒಂದು ಸ್ಟೀಲ್ ಚೊಂಬಿನಲ್ಲಿ ಅಳೆದಿಟ್ಟು ಹೋಗುವವರೂ ಅವರೇ. ಆ ಚೊಂಬು ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗುತ್ತಿತ್ತು. ಆಮೇಲೆ ನಾನು ನಲ್ಲಿಯಲ್ಲಿ ಬಾಯಿ ಮುಕ್ಕಳಿಸುತ್ತೇನೆ ಎಂದು ಹೋಗಿ ನುಂಗುತ್ತಿದ್ದೆ.

ಹೀಗೆ ಶುರುವಾಯಿತು. ತೂಕದ ಯಂತ್ರದ ಮೇಲೆ ನಿಂತಾಗ ಬೀಳದಂತೆ ಆಸರೆ ಹಿಡಿದವಳ ಹಾಗೆ ಪಕ್ಕದ ಮೇಜಿನ ಅಂಚಿನ ಮೇಲೆ ಮೂರು ಬೆರಳು ಇಟ್ಟು ಒತ್ತಿದರೆ ಮುಕ್ಕಾಲು ಕೆಜಿ ಕಡಿಮೆ ತೋರಿಸುತ್ತದೆ. ಇಪ್ಪತ್ತೆರಡು ವರ್ಷ ಮಕ್ಕಳನ್ನು ತಕ್ಕಡಿಯ ಮುಂದೆ ನಿಲ್ಲಿಸಿ, ಕಂಡದ್ದನ್ನು ಬರೀರಿ, ಬರಬೇಕಾದ್ದನ್ನು ಬರೀಬೇಡಿ ಎಂದು ಹೇಳಿದವಳು ನಾನು. ಹೊರಡುವಾಗಿನ ತೂಕಕ್ಕೂ ಅದೇ ಬೆರಳು, ಅದೇ ಒತ್ತು. ಲೆಕ್ಕ ಸರಿಹೋಗುತ್ತಿತ್ತು.

ಮುನಿರತ್ನಮ್ಮ ನನ್ನ ಪಕ್ಕದ ಹಾಸಿಗೆಯವರು. ಗಾಂಧಿಬಜಾರಿನಲ್ಲಿ ಸೊಪ್ಪು ಮಾರುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು, ನನಗಿಂತ ಒಂದು ವರ್ಷ ಮೊದಲು ಯಂತ್ರಕ್ಕೆ ಬಂದವರು. ನಾನು ಪಾಠ ಮಾಡುವವಳಲ್ಲ ಎಂದು ಎಷ್ಟು ಹೇಳಿದರೂ ಟೀಚರಮ್ಮ ಎಂದೇ ಕರೆಯುತ್ತಿದ್ದರು.

"ನೋಡಿ ಟೀಚರಮ್ಮ, ಮೂವತ್ತೈದು ವರ್ಷ ದಂಟು, ಪಾಲಕ್, ಮೆಂತ್ಯ ಅಂತ ಕೂಗಿದ್ದೇ ಕೂಗಿದ್ದು. ಈಗ ಡಾಕ್ಟ್ರು, ಸೊಪ್ಪು ಮುಟ್ಬೇಡ, ನಿಂಗಾಗಲ್ಲ ಅಂತಾರೆ. ಎರಡು ಸಲ ಬೇಯ್ಸಿ ನೀರು ಚೆಲ್ಲಿ ತಿನ್ಬೇಕಂತೆ. ಅದನ್ನ ತಿನ್ನೋದೂ ಒಂದೇ, ಸೊಪ್ಪು ಕಟ್ಟೋ ದಾರ ತಿನ್ನೋದೂ ಒಂದೇ."

ಯಂತ್ರ ಕೂಗಿಕೊಂಡಾಗಲೆಲ್ಲ ನಾನು ಬೆಚ್ಚಿಬೀಳುತ್ತಿದ್ದೆ. ಆಗ ಅವರು, "ಹೆದರ್ಬೇಡಿ. ನನ್ ರಕ್ತ ಕುಡ್ದೂ ಕುಡ್ದೂ ಅದಕ್ಕೂ ನನ್ ಬಾಯೇ ಬಂದಿದೆ" ಎನ್ನುತ್ತಿದ್ದರು. ಆ ಹಾಲಿನಲ್ಲಿ ನಾನು ನಕ್ಕಿದ್ದೆಲ್ಲ ಅವರಿಂದಲೇ.

ಒಂದು ಸೋಮವಾರ ಅವರು ಶಿವಣ್ಣನಿಂದ ಬೈಸಿಕೊಂಡು ಬಂದು ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದು ಲೋಟ ಪಾಯಸ ಕುಡಿದಿದ್ದರು. ಮಗಳು ಮಂಜುಳಾ ಪುಸ್ತಕ ನೋಡಿ ಅತ್ತುಬಿಡುತ್ತಾಳೆ ಎಂದು ಅವರ ಚಿಂತೆ. ಬುಧವಾರ ಬೆಂಚಿನಲ್ಲಿ ಕೂತಿದ್ದಾಗ ನಾನು ಅವರಿಗೆ ಬೆರಳಿನ ವಿಷಯ ಹೇಳಿಕೊಟ್ಟೆ. ಅಂದು ತೂಕ ನೋಡಿ ಇಳಿದವರು ನನ್ನ ಕಡೆ ತಿರುಗಿ ಒಂದು ಕಣ್ಣು ಮಿಟುಕಿಸಿದರು. "ಫಸ್ಟ್ ಕ್ಲಾಸು, ಟೀಚರಮ್ಮ!"

ಇಷ್ಟೆಲ್ಲ ಮಾಡಿಯೂ ನಾವು ಹೇಗೆ ಬದುಕಿದ್ದೆವು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಶಿವಣ್ಣ ಸೂಜಿ ಚುಚ್ಚುವ ಮೊದಲು ಹೆಬ್ಬೆರಳಿನಿಂದ ನಮ್ಮ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒತ್ತಿ, ಗುಳಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಿದ್ದ. ಕಣ್ಣಿನ ಕೆಳಗೆ ನೋಡುತ್ತಿದ್ದ. ಆಮೇಲೆ ಯಂತ್ರದ ಗುಂಡಿಗಳನ್ನು ಒತ್ತುತ್ತಿದ್ದ. ಅದು ಅವನ ಅಭ್ಯಾಸ ಎಂದಷ್ಟೇ ತಿಳಿದಿದ್ದೆ.

ಕೊರೋನಾದ ಎರಡನೇ ಅಲೆಯಲ್ಲಿ ಹತ್ತಿರದ ಇನ್ನೊಂದು ಡಯಾಲಿಸಿಸ್ ಕೇಂದ್ರ ಮುಚ್ಚಿತು. ಅಲ್ಲಿ ಕೆಲಸ ಮಾಡುವವರೆಲ್ಲ ಹಾಸಿಗೆ ಹಿಡಿದಿದ್ದರು. ಅಲ್ಲಿನ ರೋಗಿಗಳು ನಮ್ಮ ಜಗಲಿಗೆ ಬಂದರು. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಎದುರುಮನೆಯ ಕಾಂಪೌಂಡಿನ ನೆರಳಿನಲ್ಲಿ ಸಾಲು ನಿಂತಿತು. ನಮಗೆ ಲಾಕ್‌ಡೌನ್ ಎಂಬುದಿರಲಿಲ್ಲ. ಮೂರು ದಿನ ಮನೆಯಲ್ಲಿದ್ದರೆ ನಾವು ಉಳಿಯುವವರಲ್ಲ. ಒಂದು ದಿನ ಉಪ್ಪಾರಪೇಟೆಗೆ ಮಾತ್ರೆ ತರಲು ಹೊರಟಾಗ ಬ್ಯಾರಿಕೇಡಿನ ಹತ್ತಿರ ಪಾಸ್ ಎಲ್ಲಿ ಎಂದು ಕೇಳಿದ ಕಾನ್‌ಸ್ಟೇಬಲ್‌ಗೆ ನಾನು ಸೆರಗು ಸರಿಸಿ ಕೈ ತೋರಿಸಿದೆ. ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ ನರ, ಮೇಲೆ ಎರಡು ಹತ್ತಿ ಪಟ್ಟಿ. ಆತ ಎರಡು ಹೆಜ್ಜೆ ಹಿಂದೆ ಸರಿದು, "ಹೋಗಿ ತಾಯಿ" ಎಂದು, ಬ್ಯಾರಿಕೇಡನ್ನು ತಾನೇ ಎಳೆದು ದಾರಿ ಮಾಡಿದ.

ಒಂಬತ್ತು ಯಂತ್ರಗಳಲ್ಲಿ ಅಷ್ಟೊಂದು ಜನಕ್ಕೆ ಹೇಗೆ ಜಾಗ ಮಾಡಿದರು? ಯಾರನ್ನೂ ವಾಪಸು ಕಳಿಸಲಿಲ್ಲ, ಇದು ನಿಜ. ತೂಕ ಹೆಚ್ಚಿದ್ದವರಿಗೆ ನಾಲ್ಕು ಗಂಟೆ, ಎರಡು ಕೆಜಿಗಿಂತ ಕಡಿಮೆ ಏರಿದ್ದವರಿಗೆ ಎರಡೂವರೆ ಗಂಟೆ ಎಂದು ಮೇಲಿನವರು ತೀರ್ಮಾನಿಸಿದ್ದರು. ಕೇಳಿದರೆ ನ್ಯಾಯವೇ. ನೀರು ಕಡಿಮೆ ಇರುವವರಿಗೆ ಕಡಿಮೆ ಹೊತ್ತು. ಆದರೆ ಇದನ್ನು ನಮಗೆ ಯಾರೂ ಹೇಳಲಿಲ್ಲ. ಹೇಳಿದರೆ ಜನ ನಾಲ್ಕು ಗಂಟೆಗಾಗಿ ಬೇಕೆಂದೇ ನೀರು ಕುಡಿದು ಬಂದಾರು ಎಂದು ಅವರಿಗೆ ಭಯವಿತ್ತಂತೆ. ನಾವು ಅದಕ್ಕೆ ಉಲ್ಟಾ ಸುಳ್ಳನ್ನು ವರ್ಷಗಳಿಂದ ಹೇಳುತ್ತಿದ್ದೇವೆ ಎಂಬುದು ಅವರ ಊಹೆಗೆ ಬಂದಿರಲಾರದು.

ಅದೇ ವಾರದಿಂದ ಹೊರಡುವಾಗ ತೂಕ ನೋಡುವುದನ್ನೂ ನಿಲ್ಲಿಸಿದರು. ಸಾಲು ಬೆಳೆಯಬಾರದಲ್ಲ. ಶಿವಣ್ಣ ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ಕಿನೊಳಗಿದ್ದ. ಕನ್ನಡಕದೊಳಗೆಲ್ಲ ಬೆವರಿನ ಹಬೆ. ನಮ್ಮ ಮುಖಗಳ ಮೇಲೆ ಎರಡೆರಡು ಮಾಸ್ಕು. ಅವನು ಸೂಜಿ ಚುಚ್ಚಿ ಸರಿದುಬಿಡುತ್ತಿದ್ದ. ಕಾಲು ಮುಟ್ಟುತ್ತಿರಲಿಲ್ಲ. ಕೆರೆ ಕುಡಿದ ಮಾತೂ ನಿಂತುಹೋಯಿತು.

ಮೊದಲ ಸಲ ಎರಡೂವರೆ ಗಂಟೆಗೇ ನಮ್ಮ ಯಂತ್ರ ನಿಲ್ಲಿಸಿದಾಗ ನಾವಿಬ್ಬರೂ ಖುಷಿಪಟ್ಟೆವು. ಹಾಗೆಂದು ಬರೆಯಲು ನಾಚಿಕೆಯಾಗುತ್ತದೆ. ಆ ಹಾಲಿನಲ್ಲಿ ಕೆಮ್ಮು ಕೇಳಿದರೆ ಎಲ್ಲರೂ ಉಸಿರು ಹಿಡಿಯುವ ದಿನಗಳವು. ಒಂದೂವರೆ ಗಂಟೆ ಮೊದಲು ಮನೆಗೆ ಹೋಗುವುದು ಬಹುಮಾನದ ಹಾಗಿತ್ತು.

"ಕಂಡ್ರಾ," ಎಂದರು ಮುನಿರತ್ನಮ್ಮ ಕೈಯ ಪಟ್ಟಿ ಒತ್ತಿಕೊಳ್ಳುತ್ತಾ. "ಒಳ್ಳೇ ಮಾರ್ಕ್ಸ್ ತಗೊಂಡೋರಿಗೆ ಬೇಗ ಬೆಲ್ ಹೊಡೀತಾರೆ."

ಮುಂದಿನ ಸಲ ಇಬ್ಬರೂ ಇನ್ನಷ್ಟು ಒತ್ತಿದೆವು.

ಎರಡನೇ ವಾರ ಒಂದು ಮಧ್ಯಾಹ್ನ ಊಟವಾಗಿ ಮಲಗಿದವಳಿಗೆ ಉಸಿರು ಕಟ್ಟಿತು. ಎದ್ದು ಕೂತರೆ ಸರಿಹೋಗುತ್ತಿತ್ತು. ಮಲಗಿದರೆ ಎದೆಯೊಳಗೆ ಒದ್ದೆ ಬಟ್ಟೆ ತುರುಕಿದ ಹಾಗೆ. ಶ್ರೀಧರ ಪಕ್ಕದ ಮನೆಯಿಂದ ಆಕ್ಸಿಮೀಟರ್ ತಂದು ಬೆರಳಿಗೆ ಹಾಕಿ, ಕೊರೋನಾ ಬಂತೆಂದು ಗೋಡೆ ಹಿಡಿದು ನಿಂತರು. ನಾನು ಮೂರು ದಿಂಬು ಇಟ್ಟುಕೊಂಡು ಒರಗಿ ಕೂತು ನನ್ನ ಚಿಕ್ಕ ಪುಸ್ತಕ ತೆಗೆದೆ. ಅದರಲ್ಲಿ ತೂಕವಿತ್ತು. ಹಾಸಿಗೆಯಲ್ಲಿ ಎಷ್ಟು ಹೊತ್ತು ಇದ್ದೆ ಎಂಬುದನ್ನು ನಾನೇ ನೆನಪಿನಿಂದ ಪಕ್ಕದಲ್ಲಿ ಬರೆದೆ. ತೂಕ ಹೆಚ್ಚಿದ್ದವರು ಆ ದಿನಗಳಲ್ಲೂ ಪೂರ್ತಿ ನಾಲ್ಕು ಗಂಟೆ ಮಲಗಿದ್ದರು. ಪ್ರಯೋಗಾಲಯದಲ್ಲಿ ಮಕ್ಕಳು ಬರೆದ ಅಂಕಿಗಳ ಎರಡು ಸಾಲುಗಳನ್ನು ಹೋಲಿಸಿ ನೋಡುವವಳಿಗೆ ಅರ್ಥವಾಗಲು ಐದು ನಿಮಿಷ ಬೇಕಾಗಲಿಲ್ಲ. ಎರಡೂವರೆ ಗಂಟೆ ಬಹುಮಾನವಾಗಿರಲಿಲ್ಲ. ನಾನು ಮೇಜಿನ ಮೇಲೆ ಒತ್ತಿ ಅಡಗಿಸಿದ ನೀರು ನನ್ನೊಳಗೇ ಉಳಿದಿತ್ತು.

ಅದು ಗುರುವಾರ. ಮರುದಿನ ಶುಕ್ರವಾರ. ಈ ಶುಕ್ರವಾರವನ್ನು ನಾನು ಸರಿಯಾಗಿ ಹೇಳಬೇಕು.

ತೂಕದ ಸಾಲಿನಲ್ಲಿ ಮುನಿರತ್ನಮ್ಮ ನನಗಿಂತ ಇಬ್ಬರು ಮುಂದಿದ್ದರು. ಅವರ ಸರದಿ ಬಂತು. ಚಪ್ಪಲಿ ಬಿಟ್ಟರು, ಬಳೆ ತೆಗೆದು ಕೈಚೀಲಕ್ಕೆ ಹಾಕಿದರು, ಹತ್ತಿ ನಿಂತರು. ಬಲಗೈ ಮೇಜಿನ ಮೇಲೆ ಹೋಯಿತು. ಅವರ ಕಾಲು ಊದಿ ಪಾದದ ಮೇಲ್ಭಾಗ ಹೊಳೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಶಿವಣ್ಣ ಹಬೆಗಟ್ಟಿದ ಕನ್ನಡಕದೊಳಗಿಂದ ಸಂಖ್ಯೆ ನೋಡಿ ಬರೆದ. ಅವರು ಇಳಿದು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

ಕೈ ತೆಗೀರಿ ಎನ್ನಬಹುದಿತ್ತು. ಎರಡು ಶಬ್ದ. ಶಿವಣ್ಣನೆದುರು ಅವರ ಮಾನ ಹೋಗುತ್ತದೆ ಎಂದು ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಆ ಬೆಳಿಗ್ಗೆ ಜಗಲಿಯಲ್ಲಿ ಎಷ್ಟು ಜನ ಇದ್ದಾರೆ, ನಮ್ಮ ಸರದಿಗೆ ಎಷ್ಟು ಗಂಟೆ ಉಳಿದಿದೆ ಎಂದು ನಾನು ಎಣಿಸಿದ್ದೆ. ನನ್ನ ಹಿಂದೆಮುಂದೆ ಎಲ್ಲರೂ ನಿಜವಾದ ತೂಕ ಕೊಟ್ಟರೆ ನನಗೆ ನಾಲ್ಕು ಗಂಟೆ ಸಿಗುವುದಿಲ್ಲ ಎಂಬ ಲೆಕ್ಕ ನನ್ನ ತಲೆಯಲ್ಲಿ ಬಂದಿತ್ತು. ಬಂತು, ಹೋಯಿತು. ಆದರೆ ಬಂದಿತ್ತು. ನನ್ನ ಸರದಿ ಬಂದಾಗ ನಾನು ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು ನಿಂತೆ. ಮೂರೂಕಾಲು ಕೆಜಿ ಹೆಚ್ಚು. ನನಗೆ ನಾಲ್ಕು ಗಂಟೆ ಕೊಟ್ಟರು.

ಮುನಿರತ್ನಮ್ಮ ನನಗಿಂತ ಮೊದಲು ಎದ್ದು ಹೊರಟರು. ಮಾಸ್ಕಿನೊಳಗಿಂದ, "ಏನ್ ಟೀಚರಮ್ಮ, ಇವತ್ತು ಫೇಲಾ?" ಎಂದು ನಕ್ಕರು.

ಶನಿವಾರ ಮಧ್ಯಾಹ್ನ ಅವರೇ ಫೋನ್ ಮಾಡಿದರು. ಟೊಮೆಟೊ ಲಾರಿಗಳು ಬರುತ್ತಿಲ್ಲ, ಮಂಜುಳಾ ಒಬ್ಬಳೇ ತಳ್ಳುಗಾಡಿಯಲ್ಲಿ ಬೀದಿ ಬೀದಿಗೆ ಸೊಪ್ಪು ಕೊಂಡೊಯ್ಯುತ್ತಿದ್ದಾಳೆ ಎಂದೆಲ್ಲ ಹೇಳಿದರು. ಎರಡು ಮಾತಿಗೊಮ್ಮೆ ನಿಲ್ಲಿಸುತ್ತಿದ್ದರು.

"ಉಸಿರು ಕಟ್ತಿದೆಯಾ ರತ್ನಮ್ಮ?"

"ಇಲ್ಲಪ್ಪ. ಮನೇಲಿ ಮಗು ಇದೆಯಲ್ಲ, ಮಾಸ್ಕು ಹಾಕ್ಕೊಂಡೇ ಇದೀನಿ. ಅದಕ್ಕೇ ಹಂಗೆ ಕೇಳ್ಸತ್ತೆ."

"ಸೋಮವಾರ ನಿಮ್ಮ ಹತ್ರ ಒಂದು ವಿಷ್ಯ ಮಾತಾಡ್ಬೇಕು."

"ಈಗ್ಲೇ ಹೇಳಿ."

"ಫೋನಲ್ಲಿ ಬೇಡ. ಸೋಮವಾರ ಬೆಂಚಲ್ಲಿ ಹೇಳ್ತೀನಿ."

"ಓಹೋ, ದೊಡ್ಡ ಗುಟ್ಟು!" ಎಂದರು.

ಭಾನುವಾರ ಬೆಳಿಗ್ಗೆ ಅವರಿಗೆ ಕೂತಲ್ಲೂ ಉಸಿರಾಡಲಾಗಲಿಲ್ಲ. ಮಂಜುಳಾ ಆಟೋದಲ್ಲಿ ಎರಡು ಆಸ್ಪತ್ರೆ ಸುತ್ತಿದಳು. ಎರಡೂ ಕಡೆ ಕೊರೋನಾ ಸಾಲಿನಲ್ಲಿ ನಿಲ್ಲಿಸಿದರು. ಡಯಾಲಿಸಿಸ್ ರೋಗಿ ಎಂದು ಅವಳು ಹೇಳಿದ್ದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಅವರನ್ನೂ ದೂರಲಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಆಟೋದ ಸೀಟಿನಲ್ಲೇ ಹೋದರು. ಕೊರೋನಾ ಇಲ್ಲ ಎಂಬ ಫಲಿತಾಂಶ ಮೂರು ದಿನದ ಮೇಲೆ ಮಂಜುಳಾಳ ಮೊಬೈಲಿಗೆ ಬಂತು. ಅಷ್ಟರಲ್ಲಿ ನೆರೆಯವರೆಲ್ಲ ಆ ಮನೆಯ ಮುಂದೆ ಓಡಾಡುವುದನ್ನು ಬಿಟ್ಟಿದ್ದರು.

ಸೋಮವಾರ ನನ್ನ ಪಕ್ಕದ ಹಾಸಿಗೆಯಲ್ಲಿ ಮುಚ್ಚಿದ ಕೇಂದ್ರದಿಂದ ಬಂದ ಒಬ್ಬರು ಗಂಡಸು ಮಲಗಿದ್ದರು. "ಈ ಹಾಸಿಗೆ ಸಿಕ್ಕಿದ್ದು ನನ್ ಪುಣ್ಯ" ಎಂದರು. ನಾನು ಹೂಂ ಎಂದೆ.

ಇದಾಗಿ ವರ್ಷಗಳಾದವು. ನಾನು ಬದುಕಿದ್ದೇನೆ. ಕೆಲಸ ಬಿಟ್ಟೆ. ವಾರಕ್ಕೆ ಮೂರು ಬೆಳಿಗ್ಗೆ ಈಗಲೂ ಅದೇ ಹಾಲು. ಗಾಂಧಿಬಜಾರಿನಲ್ಲಿ ಅಮ್ಮನ ಜಾಗದಲ್ಲಿ ಈಗ ಮಂಜುಳಾ ಕೂರುತ್ತಾಳೆ. ನಾನು ಸೊಪ್ಪು ಅವಳ ಹತ್ತಿರವೇ ಕೊಳ್ಳುತ್ತಿದ್ದೆ. ಅವಳು ಪ್ರತಿ ಸಲ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿ, "ಅಮ್ಮಂಗೆ ನೀವಂದ್ರೆ ಪ್ರಾಣ ಆಂಟಿ" ಎನ್ನುತ್ತಿದ್ದಳು. ಆ ಕೊತ್ತಂಬರಿಯನ್ನು ನಾನು ಮನೆಗೆ ತಂದು ಪಕ್ಕದವರಿಗೆ ಕೊಡುತ್ತಿದ್ದೆ.

ಕಳೆದ ವರ್ಷ ಒಬ್ಬ ಹುಡುಗಿ ಟ್ಯಾಬ್ ಹಿಡಿದು ನಮ್ಮ ಕೇಂದ್ರಕ್ಕೆ ಬಂದಳು. ಸಹನಾ ಎಂದು ಹೆಸರು. ಕೊರೋನಾದಂಥ ಹೊಡೆತ ಬಿದ್ದಾಗ ಯಾವ ಆಸ್ಪತ್ರೆಗಳು ತಡೆದುಕೊಂಡವು, ಯಾವುವು ಕುಸಿದವು ಎಂದು ಅಳೆಯುವ ಒಂದು ಅಧ್ಯಯನದಲ್ಲಿ ಅವಳ ಕೆಲಸ. ಒಂದು ವಾರ ರಿಜಿಸ್ಟರುಗಳನ್ನು ನೋಡಿ, ಆಮೇಲೆ ಹಳೆಯ ರೋಗಿಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿದಳು. ಉಳಿದಿದ್ದವರು ನಾವು ನಾಲ್ವರು.

"ನಿಮ್ ಕೇಂದ್ರಕ್ಕೆ ತುಂಬ ಒಳ್ಳೇ ಅಂಕ ಬಂದಿದೆ ಮೇಡಂ," ಎಂದಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಇನ್ನೊಂದು ಕೇಂದ್ರದ ರೋಗಿಗಳನ್ನ ಸೇರಿಸ್ಕೊಂಡೂ ಒಂದು ಸರದೀನೂ ರದ್ದಾಗಿಲ್ಲ. ಒಬ್ರನ್ನೂ ವಾಪಸ್ ಕಳ್ಸಿಲ್ಲ. ಇನ್ನೊಂದು ವಿಶೇಷ ಏನ್ ಗೊತ್ತಾ? ಆ ವಾರಗಳಲ್ಲಿ ಹಳೇ ರೋಗಿಗಳ ತೂಕ ಮಾಮೂಲಿಗಿಂತ ಕಮ್ಮಿ ಏರಿದೆ. ಅಂದ್ರೆ ನೀವೆಲ್ಲ ಅಷ್ಟು ಶಿಸ್ತಾಗಿ ಇದ್ರಿ. ತೂಕ ನೋಡಿ ಗಂಟೆ ಹಂಚೋ ಈ ಪದ್ಧತಿನ ಮುಂದಿನ ಸಲ ಎಲ್ಲಾ ಕೇಂದ್ರಗಳೂ ಮಾಡ್ಲಿ ಅಂತ ನಾವು ಶಿಫಾರಸು ಮಾಡ್ತಿದೀವಿ."

"ಹೌದಮ್ಮ, ಚೆನ್ನಾಗಿ ನೋಡ್ಕೊಂಡ್ರು," ಎಂದೆ. ಅವಳು ಅದನ್ನು ಬರೆದುಕೊಂಡಳು.

ಮನೆಗೆ ಬಂದು ಕೂತೆ. ಯಾರೂ ಸುಳ್ಳು ಬರೆದಿರಲಿಲ್ಲ. ರಿಜಿಸ್ಟರಿನಲ್ಲಿದ್ದ ಪ್ರತಿ ಸಂಖ್ಯೆಯೂ ಆ ಯಂತ್ರ ತೋರಿಸಿದ್ದೇ. ಭಾನುವಾರ ಆಟೋದಲ್ಲಿ ಹೋದವರು ಕೇಂದ್ರದ ಲೆಕ್ಕಕ್ಕೆ ಬರುವುದೂ ಇಲ್ಲ. ಅವರ ಶುಕ್ರವಾರದ ಸರದಿ ಮುಗಿದಿತ್ತು, ಸೋಮವಾರದ್ದು ಇನ್ನೂ ಬಂದಿರಲಿಲ್ಲ. ಮುಂದಿನ ಸಲ, ಯಾವುದೋ ಊರಿನ ಕೇಂದ್ರದಲ್ಲಿ, ಮನೆಯವರ ಮುಖಕ್ಕೆ ಹೆದರುವ ಯಾವುದೋ ಹೆಂಗಸು ಮೇಜಿನ ಮೇಲೆ ಬೆರಳಿಡುತ್ತಾಳೆ. ಅವಳಿಗೆ ಎರಡೂವರೆ ಗಂಟೆ ಕೊಡುತ್ತಾರೆ.

ಸಂಜೆ ಶ್ರೀಧರ ಬಂದಾಗ ಎಲ್ಲವನ್ನೂ ಹೇಳಿದೆ. ಅವರು, "ಪುಸ್ತಕ ನೋಡಿ ನಾನು ಮುಖ ಸಣ್ಣ ಮಾಡ್ತಿದ್ನಲ್ಲ, ಅದಕ್ಕಾ?" ಎಂದು ಕೇಳಿದರು. ಅಲ್ಲ ಎಂದು ಹೇಳಬೇಕಿತ್ತು. ಸುಳ್ಳು ಹೇಳಿ ಸಾಕಾಗಿತ್ತು. "ಅದಕ್ಕೂ ಇರ್ಬೋದು" ಎಂದೆ. ಅವರು ಎದ್ದು ಹಿತ್ತಲಿಗೆ ಹೋಗಿ ನಿಂತರು.

ಬುಧವಾರ ಶಿವಣ್ಣನಿಗೆ ಹೇಳಿದೆ. ಅವನು ಸೂಜಿ ಚುಚ್ಚುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ನಂಗೊತ್ತಿತ್ತಮ್ಮ, ನೀವೆಲ್ಲ ಮೇಜು ಒತ್ತೋದು," ಎಂದ. "ಮೊದ್ಲಿಂದ್ಲೂ ಗೊತ್ತಿತ್ತು. ಅದಕ್ಕೇ ಕಾಲು ಒತ್ತಿ ನೋಡ್ತಿದ್ದೆ. ಮಿಷಿನ್ ತೋರ್ಸಿದ್ದಕ್ಕಿಂತ ಮುಕ್ಕಾಲು ಕೆಜಿ ಜಾಸ್ತಿ ಎಳ್ದು ಕಳಿಸ್ತಿದ್ದೆ. ಬೈದ್ರೆ ಬೇಜಾರಾಗ್ತೀರಾ ಅಂತ ಹೇಳ್ಳಿಲ್ಲ." ಪಟ್ಟಿ ಅಂಟಿಸಿದ. "ಆಮೇಲೆ ಮುಟ್ಬೇಡಿ ಅಂದ್ಬಿಟ್ರು."

"ಇದನ್ನ ಆ ಹುಡುಗಿಗೆ ಹೇಳಿದ್ರೆ ನಿನಗೆ ತೊಂದ್ರೆ ಆಗತ್ತೇನಪ್ಪ?"

"ಆಗ್ಬೋದು. ಹೇಳಿ," ಎಂದು ಪಕ್ಕದ ಹಾಸಿಗೆಗೆ ಹೋದ.

ಮಧ್ಯಾಹ್ನ ಸಹನಾಗೆ ಫೋನ್ ಮಾಡಿ ಆ ತೂಕಗಳು ಸುಳ್ಳು ಎಂದೆ. ಆಕೆ ಗಾಬರಿಯಾದಳು. ಎಷ್ಟು ಜನ ಹಾಗೆ ಮಾಡಿದರು ಎಂದು ಕೇಳಿದಳು. ನನಗೆ ಗೊತ್ತಿರುವುದು ಇಬ್ಬರದು, ಅದರಲ್ಲಿ ಒಬ್ಬರು ಇಲ್ಲ ಎಂದೆ.

"ಮೇಡಂ, ಬರೀ ಹೀಗೂ ಇರ್ಬೋದು ಅಂತ ಹಾಕಿದ್ರೆ ಮೇಲಿನವರು ತೆಗೆದ್ಬಿಡ್ತಾರೆ. ಆ ಪೇಷೆಂಟ್ ಹೆಸರು, ಅವತ್ತಿನ ವಿವರ ಬೇಕು. ಅವರ ಮನೆಯವರು ಒಪ್ಬೇಕು. ಈ ವಾರದೊಳಗೆ ಆದ್ರೆ ಶಿಫಾರಸು ಹೋಗೋದನ್ನ ತಡೀಬಹುದು ನಾನು."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಗಾಂಧಿಬಜಾರಿಗೆ ಹೋದೆ. ಶ್ರೀಧರ ನಾನೂ ಬರಲೇ ಎಂದರು. ಬೇಡ ಎಂದೆ. ಮಂಜುಳಾ ಗೋಣಿಚೀಲದ ಮೇಲೆ ಸೊಪ್ಪು ಹರಡಿ ನೀರು ಚಿಮುಕಿಸುತ್ತಿದ್ದಳು. "ಬನ್ನಿ ಆಂಟಿ, ಕೂತ್ಕೊಳಿ. ಇವತ್ತು ಸಬ್ಸಿಗೆ ಚೆನ್ನಾಗಿದೆ," ಎಂದು ಪ್ಲಾಸ್ಟಿಕ್ ಸ್ಟೂಲು ಎಳೆದಳು. ನಾನು ನಿಂತೇ ಹೇಳಿದೆ. ಪಾಯಸದಿಂದ ಶುರುಮಾಡಿ ಶನಿವಾರದ ಫೋನಿನವರೆಗೆ. ನಡುವೆ ಗಿರಾಕಿ ಬಂದರು. ಅವಳು ಎರಡು ಕಟ್ಟು ದಂಟು ಕೊಟ್ಟು, ಕಳಿಸಿ, ನನ್ನ ಕಡೆ ತಿರುಗಿ, "ಹೂಂ, ಹೇಳಿ," ಎಂದಳು. ತಲೆಯಲ್ಲಿ ಬಂದು ಹೋದ ಲೆಕ್ಕವನ್ನೂ ಹೇಳಿದೆ.

ಅವಳು ಬಹಳ ಹೊತ್ತು ಒಂದೇ ಕಟ್ಟಿನ ದಾರವನ್ನು ಬಿಚ್ಚಿ ಕಟ್ಟುತ್ತಿದ್ದಳು.

"ಅಮ್ಮಂಗೆ ಗೊತ್ತಿತ್ತಾ ಆಂಟಿ? ಕಮ್ಮಿ ತೋರಿಸಿದ್ರೆ ಕಮ್ಮಿ ಹೊತ್ತು ಹಾಕ್ತಾರೆ ಅಂತ?"

"ಇಲ್ಲ."

"ನಿಮ್ಗೆ ಗೊತ್ತಿತ್ತು."

"ಆ ಒಂದು ದಿನ ಗೊತ್ತಿತ್ತು."

"ಅವತ್ತು ಆಟೋದಲ್ಲಿ ಏನಂದ್ರು ಗೊತ್ತಾ? ನಾನು ಜಾಸ್ತಿ ನೀರು ಕುಡ್ದಿಲ್ಲ ಕಣೆ, ಪುಸ್ತಕ ನೋಡು ಬೇಕಾದ್ರೆ, ಅಂದ್ರು. ನಾನು ನೋಡ್ದೆ. ಕಮ್ಮಿ ಇತ್ತು. ಹಂಗಾದ್ರೆ ಇದು ಕೊರೋನಾನೇ ಅಂತ ಆ ಸಾಲಲ್ಲಿ ಕರ್ಕೊಂಡೋಗಿ ನಿಲ್ಸಿದ್ದು ನಾನೇ."

ಇದು ನನಗೆ ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತೆ.

ಮಂಜುಳಾ ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು. "ಆ ಹುಡುಗೀಗೆ ಫೋನ್ ಹಾಕಿ," ಎಂದಳು. "ಈಗ್ಲೇ. ಇಲ್ಲೇ. ಏನೇನ್ ಹೇಳ್ತೀರೋ ನಾನೂ ಕೇಳ್ಬೇಕು. ಅಮ್ಮನ ಹೆಸರು ಪೂರ್ತಿ ಬರ್ಸಿ. ಅದಾದ್ಮೇಲೆ ಸೊಪ್ಪಿಗೆ ಬೇರೆ ಕಡೆ ಹೋಗಿ ಆಂಟಿ. ನನ್ ಕೈಲಿ ಆಗಲ್ಲ."

ಫೋನ್ ಮಾಡಿದೆ. ಸಹನಾ ಎತ್ತಿದಳು. ಮನೆಯವರು ಒಪ್ಪಿದ್ದಾರಾ ಎಂದು ಕೇಳಿದಳು. ನಾನು ಮಂಜುಳಾಳನ್ನು ನೋಡಿದೆ. "ಒಪ್ಪಿದೀನಿ ಅನ್ನಿ," ಎಂದು ಅವಳು ತಕ್ಕಡಿಯಾಚೆಗಿನ ಹೀರೆಕಾಯಿ ರಾಶಿಯನ್ನು ಸರಿಮಾಡತೊಡಗಿದಳು.

"ಹೇಳಿ ಮೇಡಂ, ಬರ್ಕೊಳ್ತಿದೀನಿ. ಹೆಸರು?"

"ಮುನಿರತ್ನಮ್ಮ."

"ವಯಸ್ಸು, ಆಗ?"

"ಐವತ್ತೆಂಟು," ಎಂದೆ.

"ಐವತ್ತಾರು," ಎಂದಳು ಮಂಜುಳಾ, ತಲೆ ಎತ್ತದೆ.

"ತಪ್ಪು ಹೇಳ್ದೆ," ಎಂದೆ ಫೋನಿಗೆ. "ಐವತ್ತಾರು ಅಂತ ಬರ್ಕೊಳ್ಳಿ."